ಬೆಕ್ಕು ಮೇಷ್ಟ್ರಿಗೆ ಹೇಳುವುದಿಲ್ಲ

ಫೆಬ್ರುವರಿ 3, ಮಂಗಳವಾರ

ಪಟ್ಟಣ ಕಚೇರಿಯವರು ಬಂದು, ನನ್ನನ್ನೊಂದು ಮಾತೂ ಕೇಳದೆ, ಅಂಗಡಿ ಗೋಡೆಗೆ ನೋಟೀಸು ಅಂಟಿಸಿ ಹೋಗಿದ್ದಾರೆ. ಇದು ಊರವರೆಲ್ಲ ಸೇರಿ ನಡೆಸುವ ಅಂಗಡಿ, ನಿಜ. ಆದರೆ ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ಗಲ್ಲಾದ ಹಿಂದೆ ಕೂತು ಸೊಂಟ ಸವೆಸಿಕೊಂಡವಳು ನಾನು. ಗೋಡೆಗೆ ಏನು ಅಂಟಿಸಬೇಕು, ಏನು ಬೇಡ ಎಂದು ಹೇಳುವಷ್ಟು ಹಕ್ಕು ಶಿಗೆ ಎಂಬ ಮುದುಕಿಗೆ ಇದೆ ಎಂದುಕೊಂಡಿದ್ದೆ. ಹೊಸ ವರ್ಷಕ್ಕೆ ದೋಣಿ ಕಂಪನಿಯವರು ಕೊಟ್ಟ ಈ ದಿನಚರಿ ಪುಸ್ತಕ ಇಷ್ಟು ದಿನ ಖಾಲಿ ಬಿದ್ದಿತ್ತು. ಸಿಟ್ಟನ್ನು ಗಿರಾಕಿಗಳ ಮೇಲೆ ತೀರಿಸುವುದಕ್ಕಿಂತ ಇದರೊಳಗೆ ಬರೆದಿಡುವುದು ವಾಸಿ.

ನೋಟೀಸಿನಲ್ಲಿ ಬೆಕ್ಕುಗಳನ್ನು ನಾಲ್ಕು ಜಾತಿ ಮಾಡಿದ್ದಾರೆ. ಮನೆಯಲ್ಲಿ ಇರುವುದು ಇಯೆನೆಕೊ. ಬೀದಿ ಅಲೆಯುವುದು ನೊರಾನೆಕೊ. ಮನುಷ್ಯರ ಸಹವಾಸವೇ ಬೇಡವೆಂದು ಗದ್ದೆ, ಕಾಡು ಸೇರಿದ್ದು ನೊನೆಕೊ. ನಮ್ಮ ದ್ವೀಪದ ಬೆಟ್ಟದಲ್ಲಿ ಮಾತ್ರ ಇರುವ, ಹುಟ್ಟಿನಿಂದಲೇ ಕಾಡಿನದು ಯಾಮಾನೆಕೊ. ಊರ ಬೆಕ್ಕುಗಳ ಕಾಯಿಲೆ ಬೆಟ್ಟದ ಬೆಕ್ಕುಗಳಿಗೆ ಅಂಟಬಾರದು. ಅದಕ್ಕಾಗಿ ಈ ತಿಂಗಳ ಇಪ್ಪತ್ತರೊಳಗೆ ಪ್ರತಿಯೊಂದು ಸಾಕುಬೆಕ್ಕಿನ ಹೆಸರು ಬರೆಸಬೇಕು, ಚರ್ಮದ ಕೆಳಗೆ ಚಿಪ್ ಹಾಕಿಸಬೇಕು, ಕೊರಳಿಗೆ ಬಿಲ್ಲೆ ಕಟ್ಟಬೇಕು. ಆಮೇಲೆ ಕೊರಳು ಬರಿದಾಗಿರುವ ಬೆಕ್ಕು ಯಾವುದೇ ಕಂಡರೂ ಅದು ನೊನೆಕೊ. ಬೋನಿಗೆ ಬೀಳುತ್ತದೆ, ದೋಣಿ ಹತ್ತುತ್ತದೆ, ಆಚೆಯ ಇಶಿಗಾಕಿ ದ್ವೀಪಕ್ಕೆ ಹೋಗುತ್ತದೆ. ಹೋದದ್ದು ಹಿಂದಕ್ಕೆ ಬರುವುದಿಲ್ಲ ಎಂದೂ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ.

ಬೆಟ್ಟದ ಬೆಕ್ಕಿನ ಮೇಲೆ ನನಗೇನೂ ಕೋಪವಿಲ್ಲ. ಅರವತ್ತೇಳು ವರ್ಷದಲ್ಲಿ ಮೂರು ಸಲ ಕಂಡಿದ್ದೇನೆ, ಮೂರು ಸಲವೂ ನಾನೇ ದಾರಿ ಬಿಟ್ಟಿದ್ದೇನೆ.

ಅಕ್ಕಿ ಮೂಟೆಯ ಮೇಲೆ ಮಲಗುವ ಪಟ್ಟೆ ಬೆಕ್ಕು ನನ್ನದಲ್ಲ. ಎರಡು ವರ್ಷದ ಹಿಂದೆ ಹೊರಗಿನಿಂದ ಬಂದು ನೆಲೆಸಿದ್ದ ಒಂದು ಸಂಸಾರ ಊರು ಬಿಟ್ಟಿತು, ಬೆಕ್ಕನ್ನೂ ಬಿಟ್ಟಿತು. ಹತ್ತು ಗಂಟೆಗೆ ಬರುತ್ತದೆ, ಮಲಗುತ್ತದೆ, ಕತ್ತಲಾಗುವ ಮೊದಲು ಹೋಗುತ್ತದೆ. ನಾನು ಅದಕ್ಕೆ ಹೆಸರಿಟ್ಟಿಲ್ಲ. ಒಂದು ದಿನವೂ ಕರೆದದ್ದಿಲ್ಲ. ಮೀನಿನ ತಲೆ ಕೊಡುತ್ತೇನೆ, ಅದು ಬೇರೆ ವಿಷಯ.

ಫೆಬ್ರುವರಿ 5, ಗುರುವಾರ

ನೋಟೀಸು ಅಂಟಿಸಿದ ಮಹಾಶಯನೇ ಇವತ್ತು ಬಂದ. ನಮ್ಮ ಬೀದಿಯ ತೊಮಿಯವರ ಮಗ ಮೊರಿಹಿದೆ. ನಲವತ್ತೈದು ವರ್ಷವಾದರೂ ಇವನನ್ನು ಕಂಡರೆ ನನಗೆ ಮೂಗು ಸುರಿಸಿಕೊಂಡು ನಮ್ಮ ಮನೆಯ ಮಿಠಾಯಿ ಡಬ್ಬಕ್ಕೆ ಕೈ ಹಾಕುತ್ತಿದ್ದ ಹುಡುಗನೇ ಕಣ್ಣಿಗೆ ಬರುತ್ತಾನೆ. ಈಗ ಕಚೇರಿಯಲ್ಲಿ ಬೆಕ್ಕಿನ ವಿಭಾಗವಂತೆ.

"ದೊಡ್ಡಮ್ಮಾ, ಆ ಬೆಕ್ಕಿನ ಹೆಸರು ಬರೆಸಿಬಿಡಿ."

"ಯಾವ ಬೆಕ್ಕು?"

"ನಿಮ್ಮ ಬೆನ್ನ ಹಿಂದೆ ಗೊರಕೆ ಹೊಡೀತಾ ಇದೆಯಲ್ಲ, ಅದು."

"ಅದು ನನ್ನದಲ್ಲ. ಅದರ ಪಾಡಿಗೆ ಅದು ಬರತ್ತೆ, ಹೋಗತ್ತೆ. ನೀನೂ ಹಾಗೇ ತಾನೆ? ನಿನ್ನ ಹೆಸರು ಬರೆಸಿದ್ದೀನಾ?"

"ತಮಾಷೆ ಸಾಕು ದೊಡ್ಡಮ್ಮ. ಒಂದು ಕಾಗದ, ಒಂದು ಸೂಜಿ, ಒಂದು ಬಿಲ್ಲೆ. ಹತ್ತು ನಿಮಿಷದ ಕೆಲಸ."

"ಕಾಗದ ಕೊಡು, ಬರೀತೀನಿ. ಸೂಜಿ ಚುಚ್ಚು, ಹಿಡ್ಕೋತೀನಿ. ಬಿಲ್ಲೆ ಆಗಲ್ಲ."

"ಯಾಕಾಗಲ್ಲ?"

"ಯಾರ ಕೊರಳಿಗೂ ನಾನು ಏನನ್ನೂ ಕಟ್ಟೋದಿಲ್ಲ. ಅಷ್ಟೇ."

ಅವನಿಗೆ ಅರ್ಥವಾಗಲಿಲ್ಲ. ಅವನ ವಯಸ್ಸಿನವರಿಗೆ ಆಗುವುದೂ ಇಲ್ಲ. ಮೂರೂ ಸೇರಿದರೇ ನಿಯಮ, ಒಂದು ಬಿಟ್ಟರೂ ಬೋನು ಎಂದು ಹೇಳಿ, ತಣ್ಣನೆಯ ಚಹಾದ ಬಾಟಲಿ ಕೊಂಡು ಹೋದ. ಚಿಲ್ಲರೆಯನ್ನು ಅವನ ಅಂಗೈಗೆ ಕೊಡದೆ ಮೇಜಿನ ಮೇಲಿಟ್ಟೆ.

ಫೆಬ್ರುವರಿ 6, ಶುಕ್ರವಾರ

ಒಬ್ಬರು ಸಾಲದೆಂದು ಇನ್ನೊಬ್ಬರು. ಕುರಾತಾ ಎಂಬ ಪ್ರೊಫೆಸರು ಜಪಾನಿನ ಮುಖ್ಯದ್ವೀಪದಿಂದ ಬಂದು ಹೋಟೆಲಿನಲ್ಲಿ ಇಳಿದಿದ್ದಾರೆ. ಮಂಡಿ ನೋವಿನ ಮನುಷ್ಯ. ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತು, ಈ ಚಳಿಗಾಳಿಯಲ್ಲೂ ಎರಡು ಐಸ್‌ಕ್ರೀಮು ತಿಂದರು. ದ್ವೀಪದ್ವೀಪಕ್ಕೆ ಹೋಗಿ ಬೆಕ್ಕಿಗೆ ಏನೆನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳುವುದು ಅವರ ಕೆಲಸವಂತೆ. ಮನೆಯ ಬೆಕ್ಕಿಗೆ ಏನು, ಬೀದಿಯದಕ್ಕೆ ಏನು, ಕಾಡಿಗೆ ಓಡಿದ್ದಕ್ಕೆ ಏನು, ಬೆಟ್ಟದ್ದಕ್ಕೆ ಏನು. ಅದಕ್ಕೆ ಸಂಬಳವೂ ಉಂಟು.

"ನಿಮ್ಮ ಊರಮಾತಿನಲ್ಲಿ ಏನಂತೀರಿ, ಅಜ್ಜಿ?" ಎಂದು ಕೇಳಿ, ಬಣ್ಣದ ಕಾಗದ ಸುತ್ತಿದ ಸಿಹಿಯ ಡಬ್ಬಿ ಮುಂದಿಟ್ಟರು.

"ನೆಕೊ ಅಂತೀವಿ" ಅಂದೆ.

"ಅದು ಜಪಾನಿ ಆಯಿತಲ್ಲ. ಹಳೇ ಮಾತು..."

"ನಮಗೆ ಹಳೇದು ಗೊತ್ತಿಲ್ಲ ಮೇಷ್ಟ್ರೇ. ಶಾಲೆಯಲ್ಲಿ ಒಳ್ಳೇ ಜಪಾನಿ ಕಲಿಸಿದಾರೆ, ಅದನ್ನೇ ಆಡ್ತೀವಿ."

ಆಗ ತೊಮಿಯವರು ಒಳಗೆ ಒಣಮೀನಿನ ಪೊಟ್ಟಣ ಆರಿಸುತ್ತಿದ್ದರು. ಪ್ರೊಫೆಸರು ಅವರತ್ತ ತಿರುಗಿದರು. ತೊಮಿಯವರು ತಲೆ ಬಾಗಿಸಿ, ರೇಡಿಯೋದಲ್ಲಿ ಸುದ್ದಿ ಓದುವವರ ಜಪಾನಿಯಲ್ಲಿ, "ಕ್ಷಮಿಸಿ, ನನಗೂ ತಿಳಿಯದು" ಎಂದು ಹೇಳಿ, ನನ್ನತ್ತ ಪೊಟ್ಟಣ ಚಾಚಿದರು.

"ಇಷ್ಟು ಸಾಕೇ ತೊಮಿಯವರೇ?"

"ಸಾಕು ಶಿಗೆಯವರೇ. ಸಾರಿಗೆ ತಾನೆ."

ಒಂಟಿ ಹೆಂಗಸಿನ ಸಾರಿಗೆ ವಾರಕ್ಕೆ ಮೂರು ಪೊಟ್ಟಣ ಒಣಮೀನು. ಏನು ಸಾರೋ! ನಾವಿಬ್ಬರೂ ಒಂದೇ ಬೀದಿಯಲ್ಲಿ ಹುಟ್ಟಿದವರು. ಐವತ್ತಾರು ವರ್ಷಗಳಿಂದ ಹೀಗೆಯೇ, ಪರವೂರಿನವರ ಹಾಗೆ, ಬಹುವಚನದಲ್ಲಿ ಮಾತಾಡುತ್ತೇವೆ.

ಸಿಹಿ ಚೆನ್ನಾಗಿತ್ತು. ಮಾತು ಕೊಡಲಿಲ್ಲ, ಸಿಹಿ ತಿಂದೆ.

ಫೆಬ್ರುವರಿ 10, ಮಂಗಳವಾರ

ಪ್ರೊಫೆಸರು ದಿನಾ ಬರುತ್ತಾರೆ. ಇವತ್ತು ರೇಗಿಬಿಟ್ಟೆ.

"ಮೇಷ್ಟ್ರೇ, ಆವತ್ತು ಊರಮಾತು ಆಡಿದರೆ ಒಬ್ಬ ಮೇಷ್ಟ್ರು ಶಿಕ್ಷೆ ಕೊಡ್ತಿದ್ದ. ಇವತ್ತು ಅದೇ ಮಾತು ಆಡಿದರೆ ನೀವು ಸಿಹಿ ಕೊಡ್ತೀರಿ. ನಿಮ್ಮ ಮೇಷ್ಟ್ರ ಕುಲದವರೆಲ್ಲ ಕೂತು ಮೊದಲು ಒಂದು ತೀರ್ಮಾನಕ್ಕೆ ಬನ್ನಿ. ಆಮೇಲೆ ನಾನು ಬಾಯಿ ಬಿಡ್ತೀನಿ."

ಪಾಪ, ಆ ಮನುಷ್ಯ ಐಸ್‌ಕ್ರೀಮಿನ ಕಡ್ಡಿ ಹಿಡಿದುಕೊಂಡು ಎದ್ದು ನಿಂತು ತಲೆ ಬಾಗಿಸಿದರು. ಎದುರು ಜಗಳವಾಡಿದ್ದರೆ ಚೆನ್ನಾಗಿತ್ತು.

ಅವರು ಹೋದ ಮೇಲೆ ಮನಸ್ಸು ಕೆಟ್ಟಿತು. ಬರೆದುಬಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲ.

ಆರನೇ ತರಗತಿ. ಶಾಲೆಯಲ್ಲಿ ಊರಮಾತು ಆಡಬಾರದು. ಆಡಿದವರ ಕೊರಳಿಗೆ ಅಂಗೈ ಅಗಲದ ಮರದ ಹಲಗೆ. ಮೇಲೆ ಶಾಯಿಯಲ್ಲಿ ಬರೆದಿರುತ್ತಿತ್ತು: 'ಊರಮಾತು'. ಕಳಚಿಕೊಳ್ಳಲು ಒಂದೇ ದಾರಿ. ಊರಮಾತು ಆಡಿದ ಇನ್ನೊಬ್ಬರನ್ನು ಹಿಡಿದು ಮೇಷ್ಟ್ರ ಮುಂದೆ ನಿಲ್ಲಿಸಬೇಕು, ಆಗ ಹಲಗೆ ಅವರ ಕೊರಳಿಗೆ ಹೋಗುತ್ತಿತ್ತು. ಮೇಷ್ಟ್ರು ಕೈ ಕೊಳೆ ಮಾಡಿಕೊಳ್ಳಬೇಕಾಗಿರಲಿಲ್ಲ. ಮಕ್ಕಳೇ ಮಕ್ಕಳನ್ನು ಹಿಡಿಯುತ್ತಿದ್ದರು. ಹಿಂದಿನಿಂದ ಬಂದು ಜೋರಾಗಿ ಕಾಲು ತುಳಿಯುವುದು. ನೋವಾದಾಗ ಬಾಯಲ್ಲಿ ಜಪಾನಿ ಬರುವುದಿಲ್ಲ. 'ಅಗಾ!' ಎಂದೇ ಬರುತ್ತದೆ. ಬಂತೋ, ಸಿಕ್ಕಿಬಿದ್ದ.

ನನ್ನ ಕೊರಳಿಗೂ ಬಿತ್ತು. ಮೂರೇ ಮೂರು ದಿನ. ಮೂರನೆಯ ದಿನ ತೊಮಿಯ ಕಾಲು ತುಳಿದೆ, ಹಿಮ್ಮಡಿಯಿಂದ, ಮೈಭಾರ ಬಿಟ್ಟು. ಅವಳು ತುಟಿ ಕಚ್ಚಿಕೊಂಡು ನನ್ನನ್ನೇ ನೋಡುತ್ತ ನಿಂತಳು, ಉಸಿರೆತ್ತಲಿಲ್ಲ. ಆಗ ನಾನು ಅಂದೆ, "ನಿನ್ನ ಬೆಕ್ಕು ಬಾವಿಗೆ ಬಿತ್ತು ಕಣೇ." ಬಿದ್ದಿರಲಿಲ್ಲ. ಅವಳು ಶಾಲೆಯ ಅಂಗಳ ದಾಟಿ ಬಾವಿಯ ಹತ್ತಿರ ಓಡಿ, ಬಗ್ಗಿ, ಗಂಟಲು ಹರಿಯುವ ಹಾಗೆ ಕೂಗಿದಳು: "ಮಯಾ! ಮಯಾ!" ಬೆಕ್ಕಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಮೇಷ್ಟ್ರು ಅಲ್ಲೇ ಬೇಲಿಯ ಹತ್ತಿರ ನಿಂತಿದ್ದರು. ನಿಂತಿರುವುದನ್ನು ನಾನು ನೋಡಿದ್ದೆ.

ನಾನು ಹೇಡಿ ಕೆಲಸ ಮಾಡಿದೆ. ಅದಕ್ಕೆ ಬೇರೆ ಹೆಸರಿಲ್ಲ.

ತೊಮಿಯವರು ಆ ಹಲಗೆಯನ್ನು ಯಾರಿಗೂ ದಾಟಿಸಲಿಲ್ಲ. ಅಕ್ಟೋಬರಿನಿಂದ ಮಾರ್ಚಿನಲ್ಲಿ ಶಾಲೆ ಮುಗಿಯುವವರೆಗೆ ಆರು ತಿಂಗಳು ಅವರ ಕೊರಳಿನಲ್ಲೇ ಇತ್ತು. ಎಷ್ಟೋ ಮಕ್ಕಳು ಅವರೆದುರಿಗೆ ಊರಮಾತು ಆಡಿದರು, ಕೇಳಿಸದ ಹಾಗೆ ಇದ್ದರು. ಆಮೇಲೆ ಅವರ ಬಾಯಲ್ಲಿ ಒಂದೇ ಒಂದು ಊರಮಾತನ್ನೂ ಯಾರೂ ಕೇಳಿಲ್ಲ. ಅವರ ಮುಂದೆ ನನ್ನ ಬಾಯಿಗೂ ಆ ಮಾತು ಬರುವುದಿಲ್ಲ.

ಇನ್ನು ಮೊರಿಹಿದೆ ಬಂದು ಬಿಲ್ಲೆ ಕಟ್ಟಿ ಅನ್ನುತ್ತಾನೆ.

ಫೆಬ್ರುವರಿ 14, ಶನಿವಾರ

ಬಡಗಣ ಗಾಳಿ. ದೋಣಿ ಇಲ್ಲ, ಬ್ರೆಡ್ಡಿಲ್ಲ, ಹಾಲಿಲ್ಲ. ಗಿರಾಕಿಗಳು ಅದಕ್ಕೂ ನನ್ನನ್ನೇ ಬೈದರು. ಬೆಕ್ಕು ಹತ್ತಕ್ಕೆ ಸರಿಯಾಗಿ ಬಂತು, ಎಂದಿನಂತೆ ಹೊಟ್ಟೆ ತುಂಬಿಸಿಕೊಂಡೇ. ಎಲ್ಲಿ ಬೇಟೆಯಾಡುತ್ತದೋ.

ಫೆಬ್ರುವರಿ 17, ಮಂಗಳವಾರ

ಉಡುಗೊರೆ ಪೊಟ್ಟಣದ ಕೆಂಪು ರಿಬ್ಬನ್ನು ಒಂದು ಗೇಣು ಕತ್ತರಿಸಿದೆ. ಬರೀ ನೋಡೋಣ ಎಂದು. ಮಲಗಿದ್ದ ಬೆಕ್ಕಿನ ಕೊರಳ ಸುತ್ತ ತಂದೆ. ಅದು ಕಣ್ಣು ತೆರೆದು ನನ್ನನ್ನು ನೋಡಿತು, ಕದಲಲಿಲ್ಲ. ನನ್ನ ಬೆರಳುಗಳಿಗೆ ಗಂಟು ಹಾಕಲಾಗಲಿಲ್ಲ. ದಿನಕ್ಕೆ ಇಪ್ಪತ್ತು ಪೊಟ್ಟಣ ಕಟ್ಟುವ ಬೆರಳುಗಳು.

ರಿಬ್ಬನ್ನನ್ನು ಕಸದ ಬುಟ್ಟಿಗೆ ಎಸೆದೆ. ಬೆಕ್ಕಿಗೆ ಬೈದೆ. ಇಲ್ಲೇ ಮಲಗಿದ್ದರೆ ನಿನ್ನ ಗತಿ ಏನಾಗುತ್ತದೆ ಗೊತ್ತೇನೇ, ಬೆಟ್ಟಕ್ಕೆ ಹೋಗಿ ಸಾಯಿ ಎಂದು ಬೈದೆ. ಅದು ಆಕಳಿಸಿತು. ಈಗ ನೆನೆದರೆ, ಬೈದದ್ದು ಊರಮಾತಿನಲ್ಲಿ. ಸಿಟ್ಟಿನಲ್ಲಿ ಬಂದುಬಿಟ್ಟಿರಬೇಕು.

ಫೆಬ್ರುವರಿ 20, ಶುಕ್ರವಾರ

ಗಡುವು ಮುಗಿಯಿತು. ನಾನು ಹೋಗಲಿಲ್ಲ.

ಫೆಬ್ರುವರಿ 22, ಭಾನುವಾರ

ಊರ ಸುತ್ತ ಒಂಬತ್ತು ಬೋನು. ಬೆಳಕು ಹರಿಯುತ್ತಲೇ ಬಿದಿರ ಪೊರಕೆ ಹಿಡಿದು ಹೊರಟೆ. ಯಾರಾದರೂ ಕೇಳಿದರೆ ಬೀದಿ ಗುಡಿಸುತ್ತಿದ್ದೇನೆ ಎನ್ನುವುದಕ್ಕೆ. ಪೊರಕೆಯ ಹಿಡಿಯನ್ನು ಒಳಗೆ ತೂರಿಸಿ ಒತ್ತಿದರೆ ಬಾಗಿಲು ಪಟ್ಟೆಂದು ಬೀಳುತ್ತದೆ. ಒಂಬತ್ತಕ್ಕೆ ಒಂಬತ್ತೂ ಬೀಳಿಸಿದೆ. ನಿನ್ನೆಯೂ ಹಾಗೇ ಮಾಡಿದ್ದೆ. ಒಳಗೆ ಇಟ್ಟದ್ದು ಯಾವ ಮೀನು ಎಂದು ನೋಡಿದರೆ, ನನ್ನ ಅಂಗಡಿಯಿಂದಲೇ ಕೊಂಡ ಕರಿದ ಮೀನು! ಅದನ್ನು ಮಾರಿದವಳು ನಾನು, ಮೊರಿಹಿದೆ ಮೂರು ತಟ್ಟೆ ಕೇಳಿದಾಗ ಹಸಿವೇನೋ ಎಂದುಕೊಂಡಿದ್ದೆ.

ಸಂಜೆ ಬಂದ.

"ದೊಡ್ಡಮ್ಮಾ, ನಮ್ಮ ಬೋನಿಗೆಲ್ಲ ಯಾರೋ ಪೊರಕೆ ಕಡ್ಡಿ ತಿನ್ನಿಸಿದಾರೆ."

"ಬೆಟ್ಟದ ಬೆಕ್ಕು ಇರಬೇಕು. ಅದಕ್ಕೆ ಗುಡಿಸೋ ಅಭ್ಯಾಸ ಇದೆ."

ಅವನಿಗೆ ನಗು ಬಂದರೂ ನುಂಗಿಕೊಂಡ. "ದೊಡ್ಡಮ್ಮಾ, ಬೆಟ್ಟದಲ್ಲಿ ಉಳಿದಿರೋದು ನೂರು ಬೆಕ್ಕು. ಅವು ಹೋದರೆ ಇನ್ನೆಲ್ಲೂ ಇಲ್ಲ. ನಾನೇನು ಶೋಕಿಗೆ ಬೋನು ಹಾಕ್ತಿದ್ದೀನಾ?" ಅಂದ.

ಹುಡುಗ ಹೇಳಿದ್ದು ಸರಿ. ಆದರೂ ನಾಳೆ ಪೊರಕೆ ಹಿಡಿದು ಹೋಗುತ್ತೇನೆ.

ಫೆಬ್ರುವರಿ 23, ಸೋಮವಾರ

ಹತ್ತು ಗಂಟೆಗೆ ಬರಲಿಲ್ಲ. ಹನ್ನೆರಡಕ್ಕೂ ಬರಲಿಲ್ಲ. ಒಂಬತ್ತು ಬೋನನ್ನೂ ಎರಡು ಸಲ ನೋಡಿದೆ, ಕಬ್ಬು ಕಡಿಯುವವರನ್ನು ಕೇಳಿದೆ, ಸಕ್ಕರೆ ಕಾರ್ಖಾನೆಯವರೆಗೆ ಹೋಗಿ ಬಂದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಹಗಲು ಹೊತ್ತಿನಲ್ಲಿ ಅಂಗಡಿಗೆ ಬೀಗ ಹಾಕಿದೆ. ಹಿಂತಿರುಗಿ ಬಂದರೆ ತೊಮಿಯವರು ಬೀಗದ ಮುಂದೆ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು.

"ಶಿಗೆಯವರೇ, ಆ ಬೆಕ್ಕು ಇವತ್ತು ಇಲ್ಲಿಗೆ ಬಂದಿತ್ತೇ?"

"ಇಲ್ಲ."

ಒಣಮೀನು ಕೊಳ್ಳದೆ ಹೊರಟುಹೋದರು. ಮಗನ ಬೋನಿನ ಯೋಗಕ್ಷೇಮ ವಿಚಾರಿಸಲು ಬಂದಿದ್ದರೋ ಏನೋ ಎಂದು ನಾನು ಒಳಗೊಳಗೇ ಬೈದುಕೊಂಡೆ.

ಗಾಳಿಗೆ ಇವತ್ತೂ ದೋಣಿ ಬಿಟ್ಟಿಲ್ಲ. ಹಾಗಾದರೆ ದ್ವೀಪ ಬಿಟ್ಟು ಹೋಗಿಲ್ಲ. ಅಕ್ಕಿ ಮೂಟೆಯ ಮೇಲೆ ಅದು ಮಲಗುವ ಗುಳಿ ಹಾಗೇ ಇದೆ. ಪಿಂಗಿಮಯಾ. ಮನೆ ಬಿಟ್ಟು ಓಡಿದ ಬೆಕ್ಕಿಗೆ ನನ್ನ ಅವ್ವ ಹಾಗನ್ನುತ್ತಿದ್ದಳು. ಎಲ್ಲಿಗೆ ಓಡಿದೆಯೇ ಪಿಂಗಿಮಯಾ?

ಫೆಬ್ರುವರಿ 24, ಮಂಗಳವಾರ

ಹತ್ತನೆಯ ಬೋನು ಇತ್ತು. ನನ್ನ ಅಂಗಡಿಯ ಮಾಳಿಗೆಯಲ್ಲಿ, ನೀರಿನ ಟ್ಯಾಂಕಿನ ಹಿಂದೆ. ನನ್ನ ತಲೆಯ ಮೇಲೆಯೇ! ಮೊರಿಹಿದೆಗೆ ನನ್ನ ಬುದ್ಧಿ ಚೆನ್ನಾಗಿ ಗೊತ್ತು. ಗ್ಯಾಸ್ ಸಿಲಿಂಡರು ತಂದವನು ಬಾಯಿ ಬಿಟ್ಟ. ಅದರಲ್ಲಿ ಬಿದ್ದ ಬೆಕ್ಕು ಮೂರು ಗಂಟೆಯ ದೋಣಿಗೆ ಹೋಗುತ್ತದೆ ಎಂದ. ಆಗ ಎರಡೂವರೆ. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಓಡಿದೆ ಎಂದು ಬರೆಯುವಾಗ ನನಗೇ ನಗು ಬರುತ್ತದೆ, ಆದರೆ ಓಡಿದ್ದು ನಿಜ.

ದಕ್ಕೆಯಲ್ಲಿ, ಬೇರೆ ಊರುಗಳಲ್ಲಿ ಸಿಕ್ಕವನ್ನೂ ಸೇರಿಸಿ, ನಾಲ್ಕು ಬೋನು, ನಾಲ್ಕಕ್ಕೂ ನೀಲಿ ಬಟ್ಟೆ ಮುಚ್ಚಿತ್ತು. ಒಳಗಿನವು ಗಾಬರಿಯಾಗದಿರಲಿ ಎಂದಂತೆ.

"ಕೊಡೋ ಅದನ್ನ" ಅಂದೆ, ಉಸಿರು ಸಿಕ್ಕಿದ ಮೇಲೆ.

"ಯಾವುದನ್ನ ದೊಡ್ಡಮ್ಮ? ನಾಲ್ಕರಲ್ಲಿ ಮೂರು ಪಟ್ಟೆ ಬೆಕ್ಕು. ಬಿಲ್ಲೆ ಇಲ್ಲ, ಕಾಗದ ಇಲ್ಲ. ನಿಮ್ಮದು ಅಂತ ನಾನು ಹೇಗೆ ಬರಕೊಳ್ಳಲಿ?"

"ನನ್ನದೇ ಅದು!"

ಅವನು ನನ್ನನ್ನೇ ನೋಡಿದ. ನಾನು ಹಾಗೆ ಅಂದದ್ದು ಅದೇ ಮೊದಲು.

"ಒಂದು ದಾರಿ ಇದೆ" ಅಂದ. "ಜನ ಕರೆದರೆ ಓಗೊಡೋ ಬೆಕ್ಕು ನೊನೆಕೊ ಅಲ್ಲ ಅಂತ ನಿಯಮದಲ್ಲೇ ಇದೆ. ಕರೀರಿ. ಓಗೊಟ್ಟರೆ ಇಳಿಸಿಕೊಳ್ತೀನಿ, ಶುಕ್ರವಾರ ಡಾಕ್ಟರ ಹತ್ತಿರ ತಂದು ತೋರಿಸಿ."

ಕರೆದೆ. ನೆಕೊ, ನೆಕೊ ಅಂದೆ. ನಾಲ್ಕೂ ಸುಮ್ಮನೆ. ನನ್ನ ಮೂಟೆಯ ಮೇಲೆ ಎರಡು ವರ್ಷ ಮಲಗಿದ್ದಕ್ಕೆ ಕರೆಯಲು ಒಂದು ಹೆಸರು ಕೊಟ್ಟಿದ್ದರೆ ತಾನೆ! ಊರಮಾತಿನಲ್ಲಿ ಕರೆಯಬೇಕೆಂದು ಬಾಯಿ ತೆರೆದೆ. ದಕ್ಕೆಯ ಮೇಲೆ ಹತ್ತು ಜನ, ಪ್ರೊಫೆಸರೂ ಇದ್ದರು. ಬಾವಿಕಟ್ಟೆ ಕಣ್ಣಿಗೆ ಬಂತು. ದೋಣಿಯವನು ಹಗ್ಗ ಬಿಚ್ಚತೊಡಗಿದ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ, ಅಷ್ಟೇ.

ಆಗ ಹಿಂದಿನಿಂದ ಕೇಳಿಸಿತು.

"ಮಯಾ! ಮಯಾ, ಮಯಾ! ಎಲ್ಲಿದ್ದೀಯೇ ನನ್ನವ್ವ, ಬಾರೇ!"

ಸಣ್ಣ ದನಿಯಲ್ಲಲ್ಲ. ಬಾವಿಯ ಆಳಕ್ಕೆ ಕೂಗುವ ದನಿಯಲ್ಲಿ, ನಮ್ಮ ಬೀದಿಯ ಮಾತಿನಲ್ಲಿ, ಆ ಎಳೆತ ಸಮೇತ. ತೊಮಿ. ಕೈಯಲ್ಲಿ ಒಣಮೀನಿನ ಪೊಟ್ಟಣ ಹಿಡಿದು ನಿಂತಿದ್ದಳು.

ಮೂರನೆಯ ಬೋನು ಅಲುಗಿತು. ಒಳಗಿನಿಂದ ಒಂದು ಕೂಗು ಬಂತು ನೋಡಿ, ಎರಡು ದಿನದ ಸಿಟ್ಟನ್ನೆಲ್ಲ ಸೇರಿಸಿ ಕೂಗಿದ ಹಾಗೆ. ತೊಮಿ ಮತ್ತೆ ಕರೆದಳು, ಅದು ಮತ್ತೆ ಕೂಗಿತು. ಮೊರಿಹಿದೆ ಬಟ್ಟೆ ಎತ್ತುವುದನ್ನೂ ಮರೆತು ನಿಂತಿದ್ದ.

"ಅಮ್ಮಾ, ನಿನಗೆ ಊರಮಾತು ಬರತ್ತಾ?"

"ನನ್ನ ಬಾಯಿ, ನನ್ನ ಮಾತು. ಬರದೆ ಏನು? ಇಳಿಸೋ ಮೊದಲು!"

ನಲವತ್ತೈದು ವರ್ಷದ ಮಗ. ತಾಯಿಯ ಮಾತನ್ನು ಇವತ್ತು ಮೊದಲ ಸಲ ಕೇಳಿದ.

ದೋಣಿ ಮೂರು ಬೋನು ಹೊತ್ತು ಹೋಯಿತು. ನಾವಿಬ್ಬರೂ ಉಳಿದ ಒಂದನ್ನು ನಡುವೆ ಇಟ್ಟುಕೊಂಡು ದಕ್ಕೆಯ ಬೆಂಚಿನ ಮೇಲೆ ಕೂತೆವು. ಪಿಂಗಿ ಒಣಮೀನು ಕಡಿಯುತ್ತಿತ್ತು.

"ದಿನಾ ಬೆಳಿಗ್ಗೆ ನನ್ನ ಹಿತ್ತಿಲಿಗೆ ಬರತ್ತೆ" ಅಂದಳು ತೊಮಿ. "ಇದಕ್ಕಿಂತ ಮುಂಚೆ ಬೇರೆ ಇತ್ತು. ಅದಕ್ಕಿಂತ ಮುಂಚೆ ಇನ್ನೊಂದು. ಅವುಗಳ ಹತ್ತಿರ ಮಾತ್ರ ಆಡ್ತೀನಿ. ಬೆಕ್ಕು ಮೇಷ್ಟ್ರಿಗೆ ಹೇಳೋದಿಲ್ಲವಲ್ಲ."

ನಾನು ಅತ್ತೆ. ಅಳುತ್ತಲೇ ಹೇಳಿದೆ, ಬೆಕ್ಕು ಬಾವಿಗೆ ಬಿದ್ದಿರಲಿಲ್ಲ, ನಾನು ಸುಳ್ಳು ಹೇಳಿದ್ದೆ, ಮೇಷ್ಟ್ರು ನಿಂತಿದ್ದನ್ನು ನೋಡಿಯೇ ಹೇಳಿದ್ದೆ, ತಪ್ಪಾಯಿತು ಎಂದು.

"ಗೊತ್ತು" ಅಂದಳು. "ಬಾವಿಯಲ್ಲಿ ಬೆಕ್ಕಿಲ್ಲ ಅಂತ ಬಗ್ಗಿ ನೋಡಿದ ತಕ್ಷಣ ಗೊತ್ತಾಯ್ತು. ಆದರೂ ಎರಡನೇ ಸಲ ಕೂಗಿದೆ."

"ಯಾಕೆ?"

"ಹಠ. ಕಾಲು ಬೇರೆ ತುಳಿದಿದ್ದೆಯಲ್ಲ, ಸಿಟ್ಟು ಬಂದಿತ್ತು."

ಫೆಬ್ರುವರಿ 25, ಬುಧವಾರ

ಬೆಳಿಗ್ಗೆ ತೊಮಿ ಬಂದು ಮೇಜಿನ ಮೇಲೆ ಏನನ್ನೋ ಇಟ್ಟಳು, ಹಳೇ ಟವೆಲಿನಲ್ಲಿ ಸುತ್ತಿದ್ದು. ಬಿಚ್ಚಿದರೆ ಉಪ್ಪು, ವಿನಿಗರ್ ವಾಸನೆ. ಹಲಗೆ. ಅದೇ ಹಲಗೆ. ಅಕ್ಷರ ಮಾಸಿದೆ, ದಾರದ ತೂತು ಹಾಗೇ ಇದೆ.

ಶಾಲೆ ಮುಗಿದ ದಿನ ಮೇಷ್ಟ್ರು ವಾಪಸು ಕೇಳಲಿಲ್ಲವಂತೆ, ಇವಳು ಕೊಡಲೂ ಇಲ್ಲ. ಆಮೇಲೆ ಉಪ್ಪಿನಕಾಯಿ ಜಾಡಿಗೆ ಅಳತೆ ಸರಿಹೊಂದಿತು ಎಂದು, ಐವತ್ತಾರು ವರ್ಷದಿಂದ ಸಣ್ಣ ಈರುಳ್ಳಿಯ ಮೇಲೆ ಒಳಮುಚ್ಚಳವಾಗಿ ಇಟ್ಟಿದ್ದಾಳೆ. ಪ್ರತಿ ವರ್ಷ ನನಗೂ ಒಂದು ಬಟ್ಟಲು ಉಪ್ಪಿನಕಾಯಿ ಕಳಿಸುತ್ತಿದ್ದಳು. ತಿಂದು ರುಚಿಯಾಗಿದೆ ಎಂದು ಹೇಳಿ ಕಳಿಸುತ್ತಿದ್ದೆ.

"ನಾನು ದಾಟಿಸಿಬಿಟ್ಟಿದ್ದರೆ ಇದು ಯಾವುದೋ ಪುಟ್ಟ ಕೂಸಿನ ಕೊರಳಿಗೆ ಹೋಗಿರೋದು" ಅಂದಳು. "ಜಾಡಿಯಲ್ಲಿ ಬಿದ್ದಿರಲಿ ಅಂತ ಇಟ್ಟುಕೊಂಡೆ."

"ನನಗೆ ಕೊಡೇ. ಅದು ನನ್ನದು."

"ನಿನ್ನದೇ" ಅಂದಳು. "ಅದಕ್ಕೇ ತಂದೆ."

ಫೆಬ್ರುವರಿ 27, ಶುಕ್ರವಾರ

ಊರ ಸಭಾಂಗಣಕ್ಕೆ ಇಶಿಗಾಕಿಯಿಂದ ದನದ ಡಾಕ್ಟರು ಬಂದಿದ್ದರು. ಪಿಂಗಿಯನ್ನು ತೊಮಿ ಹಿಡಿದುಕೊಂಡಳು, ಸೂಜಿ ಚುಚ್ಚಿದರು, ಅಕ್ಕಿ ಕಾಳಿನಷ್ಟು ಚಿಪ್ ಚರ್ಮದೊಳಗೆ ಹೋಯಿತು. ಕಾಗದದಲ್ಲಿ ಮಾಲೀಕರು ಎಂಬಲ್ಲಿ ಇಬ್ಬರ ಹೆಸರೂ ಬರೆದೆವು, ಜಾಗ ಸಾಲದೆ ತೊಮಿಯದು ಗೆರೆಯ ಹೊರಗೆ ಹೋಯಿತು. ಬೆಕ್ಕಿನ ಹೆಸರು: ಪಿಂಗಿಮಯಾ.

"ಇನ್ನು ಬಿಲ್ಲೆ" ಅಂದ ಮೊರಿಹಿದೆ, ನನ್ನ ಮುಖ ನೋಡದೆ.

"ಅದನ್ನು ಬಿಟ್ಟು ಬೇರೆ ಮಾತಾಡು."

"ದೊಡ್ಡಮ್ಮಾ, ಕೈ ಮುಗೀತೀನಿ. ಕೊರಳಿಗೆ ಏನಾದರೂ ಇರಲೇಬೇಕು. ನಾನು ಮೇಲಿನವರಿಗೆ ಏನಂತ ಹೇಳಲಿ?"

ಚೀಲದಿಂದ ಹಲಗೆ ತೆಗೆದೆ. ತೂತಿಗೆ ಹೊಸ ಸೆಣಬಿನ ದಾರ ಪೋಣಿಸಿಕೊಂಡೇ ಹೋಗಿದ್ದೆ. ನನ್ನ ಕೊರಳಿಗೆ ಹಾಕಿಕೊಂಡೆ. ಮಾಸಿದ ಅಕ್ಷರಕ್ಕೆ ಬೆಳಿಗ್ಗೆಯೇ ಕುಂಚದಿಂದ ಶಾಯಿ ತೀಡಿದ್ದೆ, ಹಿಂದಿನ ಸಾಲಿನವರಿಗೂ ಕಾಣುವ ಹಾಗೆ.

"ತಗೋ. ಕೊರಳಿಗೆ ಬಂತು. ಈ ಬೆಕ್ಕಿನ ಪರವಾಗಿ ನಾನು ಕಟ್ಟಿಕೊಂಡಿದ್ದೀನಿ. ಮೇಲಿನವರಿಗೆ ಸಾಲದು ಅನ್ನಿಸಿದರೆ ನನ್ನನ್ನೂ ಬೋನಿಗೆ ಹಾಕಿ ಇಶಿಗಾಕಿಗೆ ಕಳಿಸು. ದೊಡ್ಡ ಬೋನು ತರಿಸು, ಈ ಸೊಂಟ ಅದರೊಳಗೆ ಹಿಡಿಸಬೇಕು."

ಇದನ್ನು ಅಷ್ಟೂ ಊರಮಾತಿನಲ್ಲಿ ಹೇಳಿದೆ. ಎಲ್ಲೂ ತಡವರಿಸಲಿಲ್ಲ. ಸಾಲಿನಲ್ಲಿ ಮುದುಕರೇ ಹೆಚ್ಚು. ಅವರಿಗೆ ಹಲಗೆ ಗೊತ್ತು. ಕುಳ್ಳ ಮುದುಕನೊಬ್ಬ ತನ್ನ ಕೊರಳನ್ನು ಮುಟ್ಟಿಕೊಂಡ. ಆಮೇಲೆ ಯಾರೋ ನಕ್ಕರು, ಎಲ್ಲರೂ ನಕ್ಕರು. ಪ್ರೊಫೆಸರು ಮ್ಯೂಸಿಯಮ್ಮಿನಲ್ಲಿ ಇಂಥದ್ದನ್ನು ಕಂಡಿದ್ದರೋ ಏನೋ, ಟೋಪಿ ತೆಗೆದು ನಿಂತುಕೊಂಡಿದ್ದರು. ಪುಸ್ತಕ ಜೇಬಿನಲ್ಲೇ ಇತ್ತು.

ದನದ ಡಾಕ್ಟರಿಗೆ ನಮ್ಮ ಮಾತು ಒಂದೂ ತಿಳಿದಿರಲಿಲ್ಲ. ಕನ್ನಡಕ ಮೇಲೇರಿಸಿ, "ಈ ಬೆಕ್ಕಿಗೆ ಕೊರಳಪಟ್ಟಿ ಒಗ್ಗುವುದಿಲ್ಲ, ಚಿಪ್ ಸಾಕು ಎಂದು ನಾನು ಬರೆದುಕೊಡುತ್ತೇನೆ. ಮುಂದಿನವರು ಬನ್ನಿ" ಎಂದರು. ಮೊರಿಹಿದೆ ಮುದ್ರೆ ಒತ್ತಿದ. ಒತ್ತುವಾಗ ಅವನ ಕಣ್ಣು ಅವನಮ್ಮನ ಮೇಲಿತ್ತು.

ಹೊರಗೆ ಬಂದು ಪ್ರೊಫೆಸರಿಗೆ ಹೇಳಿದೆ. "ಈಗ ತೆಗೀರಿ ಪುಸ್ತಕ. ಸಿಹಿ ಬೇಡ, ಹಾಗೇ ಕೊಡ್ತೀವಿ."

ಬೆಂಚಿನ ಮೇಲೆ ಕೂತು ನಾನು ಮತ್ತು ತೊಮಿ ಹೇಳಿದೆವು. ಮನೆಯದು ಮಯಾ. ಓಡಿಹೋದದ್ದು ಪಿಂಗಿಮಯಾ. ಬೆಟ್ಟದ್ದು ಯಾಮಾಮಯಾ ಎಂದು ನಾನಂದರೆ, ಇಲ್ಲ, ಅದನ್ನು ಹಾಗೆ ಕರೆಯುವುದು ಪೇಟೆಯವರು, ನನ್ನಜ್ಜ ಯಾಮಾಪಿಕಾರ್ಯಾ ಅಂತಿದ್ದ, ಬೆಟ್ಟದಲ್ಲಿ ಕಣ್ಣು ಹೊಳೆಯಿಸೋದು ಎಂದು ಅವಳು. ನಿನ್ನಜ್ಜ ಕುಡಿದಾಗ ಕಂಡದ್ದೆಲ್ಲ ಹೊಳೆಯುತ್ತಿತ್ತು ಎಂದು ನಾನು. ಒಂದು ಗಂಟೆ ಜಗಳ.

"ಹಾಗಾದರೆ ಯಾರದೂ ಅಲ್ಲದ ಬೆಕ್ಕಿಗೆ?" ಎಂದು ಕೇಳಿದರು ಪ್ರೊಫೆಸರು.

ತೊಮಿ ಯೋಚಿಸಿದಳು. "ಅಂಥದ್ದು ನಮ್ಮ ಬೀದಿಯಲ್ಲಿ ಇರಲಿಲ್ಲ" ಅಂದಳು.

ಫೆಬ್ರುವರಿ 28, ಶನಿವಾರ

ಹಲಗೆ ಹಾಕಿಕೊಂಡೇ ಅಂಗಡಿ ತೆರೆದೆ. ಬಂದವರಿಗೆಲ್ಲ ಊರಮಾತಿನಲ್ಲೇ ಉತ್ತರ. ಶಾಲೆಯ ಹೆಡ್ಮೇಷ್ಟ್ರು ಮೊಟ್ಟೆಗೆ ಬಂದವರು ಮೂರು ಸಲ "ಏನಂದಿರಿ?" ಎಂದು ಕೇಳಿದರು, ಮೂರು ಸಲವೂ ಅದನ್ನೇ ಹೇಳಿದೆ. ಕೊನೆಗೆ ಅವರೇ ಬೆರಳು ತೋರಿಸಿ ಮೊಟ್ಟೆ ತೆಗೆದುಕೊಂಡರು. ಕೊರಳೆಲ್ಲ ಉಪ್ಪಿನಕಾಯಿ ವಾಸನೆ. ಪಿಂಗಿ ಹತ್ತಕ್ಕೆ ಬಂದು ಒಂದು ಸಲ ಮೂಸಿ ನೋಡಿ, ಸೀನಿ, ಮೂಟೆ ಹತ್ತಿತು.

ಹನ್ನೊಂದಕ್ಕೆ ತೊಮಿ ಬಂದಳು. ಒಣಮೀನು ಎರಡು ಪೊಟ್ಟಣ, ತೋಫು ಒಂದು. ಕೊಡುತ್ತಿದ್ದಂತೆ ಮೇಜಿನ ಈಚೆಗೆ ಬಂದು, ಏನೋ ಹುಡುಕುವವಳ ಹಾಗೆ ನನ್ನ ಪಕ್ಕ ನಿಂತು, ಹಿಮ್ಮಡಿಯನ್ನು ನನ್ನ ಪಾದದ ಮೇಲಿಟ್ಟು ಮೈಭಾರ ಬಿಟ್ಟಳು.

"ಅಗಾ!" ಎಂದು ಕಿರುಚಿದೆ.

ಮೂಟೆಯ ಮೇಲಿನ ಬೆಕ್ಕು ಎದ್ದು ಕೂತಿತು. ತೊಮಿ ನನ್ನ ಕೊರಳಿನ ಹಲಗೆಯನ್ನು ಬೆರಳಿನಿಂದ ತಟ್ಟಿದಳು.

"ಸಿಕ್ಕಿಬಿದ್ದೆ" ಅಂದಳು. "ಆದರೆ ಕೊರಳು ಖಾಲಿ ಇಲ್ಲವಲ್ಲೇ ಶಿಗೆ. ಎಲ್ಲಿ ನೇತುಹಾಕಲಿ?"

ಹೆಬ್ಬೆರಳು ಊದಿಕೊಂಡಿದೆ. ನಾಳೆ ಅವಳು ಬರಲಿ.